ಬೆಕ್ಕಿನ ಲಿಟರ್ ಕಮೋಡ್‌ಗೆ ಹಾಕಬಹುದಾ?

ಬೆಕ್ಕು ಮಲಮೂತ್ರ ಮಾಡಲು ಟ್ರೇಗೆ ಹಾಕುವ ಹರಳು, ಅಂದರೆ ಲಿಟರ್‌ನ ಪ್ಯಾಕೆಟ್ ಮೇಲೆ ‘ಫ್ಲಶ್ ಮಾಡಬಹುದು’ ಅಂತಿದೆ, ಫ್ಲಾಟ್‌ನ ಕಮೋಡ್‌ಗೆ ಹಾಕಲಾ ಅಂತ ಕೇಳಿದ್ದೀರಿ. ಬೇಡ ಅನ್ನೋದೇ ನನ್ನ ಉತ್ತರ.

ನಿಮ್ಮದು ಬೆಂಟೊನೈಟ್ ಲಿಟರ್ ಆಗಿದ್ದರೆ ಯೋಚನೆಯೇ ಬೇಡ. ಅದು ನೀರು ಕುಡಿದು ಉಬ್ಬುವ ಜೇಡಿಮಣ್ಣು. ಒಂದು ಚಮಚ ಲಿಟರ್‌ಗೆ ಸ್ವಲ್ಪ ನೀರು ಹಾಕಿ ಹತ್ತು ನಿಮಿಷ ಬಿಟ್ಟು ನೋಡಿ, ಅಂಟು ಮುದ್ದೆ ಆಗಿರುತ್ತೆ. ನಾನು ಮೊದಲು ದಿನಾ ಒಂದೆರಡು ಉಂಡೆ ಹಾಕುತ್ತಿದ್ದೆ. ಎರಡು ತಿಂಗಳಿಗೆ ನೀರು ಮೇಲೇರಿತು. ಪ್ಲಂಬರ್ ಪೈಪಿನ ಬಾಗಿನಿಂದ ತೆಗೆದದ್ದು ಸಿಮೆಂಟಿನಂಥ ಬೂದು ಗಟ್ಟಿ. ವಾಸನೆ ಬಗ್ಗೆ ಹೇಳೋದು ಬೇಡ ಬಿಡಿ!

ಟೋಫು ಲಿಟರ್ ಸೋಯಾ ಹಿಂಡಿಯದು, ನೀರಲ್ಲಿ ಕರಗುತ್ತೆ, ನಿಜ. ಆದರೆ ಕಷ್ಟ ಪೈಪಿನದಷ್ಟೇ ಅಲ್ಲ. ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯ ಮೊಟ್ಟೆಯಂಥ ಕಣಗಳು ಇರಬಹುದು. ಅವಕ್ಕೆ ಗಟ್ಟಿ ಕವಚ, ಕ್ಲೋರಿನ್‌ಗೂ ಸುಲಭವಾಗಿ ಜಗ್ಗಲ್ಲ, ಹಾಗಾಗಿ ಕೊಳಚೆ ನೀರಿನ ಜೊತೆ ಕಡಲಿನವರೆಗೂ ಹೋಗಬಹುದು. ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಕಡಲ ನೀರುನಾಯಿಗಳು ಈ ಸೋಂಕಿನಿಂದ ಸತ್ತಿವೆ. ಅದಕ್ಕೇ 2006ರಲ್ಲಿ ಅಲ್ಲಿ, ಲಿಟರ್ ಪ್ಯಾಕೆಟ್ ಮೇಲೆ ‘ಟಾಯ್ಲೆಟ್‌ಗೆ ಹಾಕಬೇಡಿ’ ಎಂಬ ಅರ್ಥದ ಸೂಚನೆ ಇರಲೇಬೇಕು ಅಂತ ಕಾನೂನು ಮಾಡಿದರು.

ನಾನೀಗ ಗಟ್ಟಿಯಾದದ್ದನ್ನು ದಿನಾ ಬಾಚಿ, ಹಳೇ ಪೇಪರಿನಲ್ಲಿ ಸುತ್ತಿ, ಡೈಪರ್ ಹಾಕುವ ಕಸದ ಜೊತೆ ಕೊಡುತ್ತೇನೆ. ಹಸಿ ಕಸಕ್ಕೆ ಹಾಕಬೇಡಿ, ಅದು ಗೊಬ್ಬರಕ್ಕೆ ಹೋಗುತ್ತೆ ಅಲ್ವಾ? ದಿನಾ ತೆಗೆಯೋದು ಮುಖ್ಯ: ಆ ಕಣಗಳು ಸೋಂಕು ಹರಡುವಷ್ಟು ಬಲಿಯಲು ಒಂದರಿಂದ ಐದು ದಿನ ಬೇಕು. ಮನೆಯಲ್ಲಿ ಬಸುರಿ ಇದ್ದರೆ ಈ ಕೆಲಸ ಬೇರೆಯವರು ಮಾಡಲಿ.