ಯೂರೋಪ್ ರೈಲು ಪಾಸು: ಕೊಳ್ಳುವ ಮುಂಚೆ ದಿನ ಎಣಿಸಿ

ಪ್ರಶ್ನೆ: ನಾವು ದಾವಣಗೆರೆ ವಿದ್ಯಾನಗರದವರು. ಮಗಳು ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾಳೆ. ಮೇ ತಿಂಗಳಲ್ಲಿ ನಾನೂ ನಮ್ಮ ಮನೆಯವರೂ 18 ದಿನಕ್ಕೆ ಅಲ್ಲಿಗೆ ಹೊರಟಿದ್ದೇವೆ. ಪ್ಯಾರಿಸ್, ಸ್ವಿಟ್ಜರ್ಲೆಂಡ್, ವೆನಿಸ್ ನೋಡಿಕೊಂಡು ಮ್ಯೂನಿಕ್‌ಗೆ ವಾಪಸ್ ಬರುವ ಆಸೆ. ಇಬ್ಬರಿಗೂ 60 ದಾಟಿದೆ. ಯಾವ ರೈಲು ಪಾಸು ತಗೊಳ್ಳಬೇಕು? ಪ್ರಿಂಟ್ ತೆಗೆಸಿ ಇಟ್ಟುಕೊಂಡರೆ ಸಾಕಾ?

ಉತ್ತರ: ನಿಮಗೆ ಬೇಕಾದದ್ದು ಯೂರೇಲ್ ಗ್ಲೋಬಲ್ ಪಾಸು. 33 ದೇಶಗಳಲ್ಲಿ ನಡೆಯುತ್ತದೆ. ಮಗಳೂ ಜೊತೆಗೆ ಬರುವುದಾದರೆ ಅವಳು ಅಲ್ಲೇ ವಾಸ ಇರುವುದರಿಂದ ಅವಳಿಗೆ ಇಂಟರ್‌ರೈಲ್ ಪಾಸು. 60 ದಾಟಿದವರಿಗೆ ಶೇಕಡಾ 10 ರಿಯಾಯಿತಿ ಇದೆ, ಬಿಡಬೇಡಿ.

18 ದಿನ ಇರ್ತೀವಲ್ಲ ಅಂತ ದಿನಾ ಓಡಾಡಬಹುದಾದ 22 ದಿನದ ಪಾಸಿಗೆ ಕೈ ಹಾಕಬೇಡಿ. ಒಂದು ಹಾಳೆ ತಗೊಂಡು ದೂರದ ರೈಲು ಹತ್ತುವ ದಿನಗಳನ್ನು ಮಾತ್ರ ಬರೆಯಿರಿ. ಮ್ಯೂನಿಕ್‌ನಿಂದ ಪ್ಯಾರಿಸ್, ಪ್ಯಾರಿಸ್‌ನಿಂದ ಸ್ವಿಟ್ಜರ್ಲೆಂಡಿನ ಜ್ಯೂರಿಕ್, ಅಲ್ಲಿಂದ ಲುಸರ್ನ್ ಮೇಲೆ ಇಂಟರ್‌ಲಾಕೆನ್‌ಗೆ ಹೋಗಿ ಬರೋದು, ಜ್ಯೂರಿಕ್‌ನಿಂದ ವೆನಿಸ್, ವೆನಿಸ್‌ನಿಂದ ಮ್ಯೂನಿಕ್. ಐದೇ ದಿನ ಅಲ್ವಾ? ಒಂದು ತಿಂಗಳೊಳಗೆ ಬೇಕಾದ 5 ದಿನ ಓಡಾಡುವ ಪಾಸು ನಿಮಗೆ ಸರಿ. ಯೂಂಗ್‌ಫ್ರಾವ್ ಬೆಟ್ಟದ ರೈಲಿಗೆ ಮಾತ್ರ ಈ ಪಾಸಿನಿಂದ ರಿಯಾಯಿತಿ ಸಿಗುತ್ತದೆ ಅಷ್ಟೇ, ಪೂರ್ತಿ ಉಚಿತ ಅಲ್ಲ.

ಪಾಸು ಇದ್ದರೂ ಎಲ್ಲ ರೈಲಿಗೂ ಸುಮ್ನೆ ಹತ್ತುವ ಹಾಗಿಲ್ಲ. ಪ್ಯಾರಿಸ್‌ಗೆ ಹೋಗುವ, ಬರುವ ಟಿಜಿವಿ (ಫ್ರಾನ್ಸಿನ ಅತಿವೇಗದ) ರೈಲುಗಳಿಗೂ ಜ್ಯೂರಿಕ್‌ನಿಂದ ಇಟಲಿಗೆ ದಾಟುವ ರೈಲಿಗೂ ಸೀಟು ಕಾಯ್ದಿರಿಸಲೇಬೇಕು. ಅದಕ್ಕೆ ಬೇರೆ ದುಡ್ಡು. ಟಿಜಿವಿಯಲ್ಲಿ ಪಾಸಿನವರಿಗೆ ಇಡುವ ಸೀಟುಗಳೂ ಕಡಿಮೆ. ಹಾಗಾಗಿ ಪಾಸು ಕೊಂಡ ವಾರದಲ್ಲೇ ಈ ಸೀಟುಗಳನ್ನು ಮಾಡಿಸಿಬಿಡಿ. ಜರ್ಮನಿ, ಸ್ವಿಟ್ಜರ್ಲೆಂಡ್ ಒಳಗಿನ ಹೆಚ್ಚಿನ ರೈಲುಗಳಿಗೆ ಈ ತಾಪತ್ರಯ ಇಲ್ಲ.

ಇನ್ನು ಪ್ರಿಂಟ್ ವಿಷಯ. ಮೊಬೈಲ್ ಪಾಸಿನ ಪ್ರಿಂಟಾಗಲಿ ಸ್ಕ್ರೀನ್‌ಶಾಟಾಗಲಿ ನಡೆಯುವುದಿಲ್ಲ. ವಂದೇ ಭಾರತ್‌ನಲ್ಲಿ ಟಿಟಿಇ ಕೈಯಲ್ಲಿರುವ ಪಟ್ಟಿಯಲ್ಲೇ ನಮ್ಮ ಹೆಸರು ಇರುತ್ತದೆ. ಯೂರೋಪಿನಲ್ಲಿ ಸೀಟು ಕಾಯ್ದಿರಿಸದ ರೈಲಿನಲ್ಲಿ ಅಂಥ ಪಟ್ಟಿ ಇರೋದಿಲ್ಲ. ನೀವು ತೋರಿಸಿದ್ದೇ ಟಿಕೆಟ್. ಪಾಸು ಇರುವುದು ರೈಲ್ ಪ್ಲಾನರ್ ಎಂಬ ಆ್ಯಪ್‌ನಲ್ಲಿ. ಹತ್ತುವ ಮುಂಚೆ ಆ ದಿನದ ರೈಲನ್ನು ಹುಡುಕಿ, ಪಾಸಿಗೆ ಸೇರಿಸಿ, ಬಟನ್ ಒತ್ತಿ ಚಾಲೂ ಮಾಡಬೇಕು. ಆಗ ಬರುವ ಕ್ಯೂಆರ್ ಕೋಡನ್ನೇ ಕಂಡಕ್ಟರ್ ಸ್ಕ್ಯಾನ್ ಮಾಡೋದು. ಹಾಗೆ ಸೇರಿಸಿದ ದಿನ ಬೇಡ ಅನಿಸಿದರೆ ಹಿಂದಿನ ರಾತ್ರಿ ತನಕ ತೆಗೆಯಬಹುದು.

ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಿಂದ ಬರುವಾಗ ಒಮ್ಮೆ ನನ್ನ ಫೋನಿನಲ್ಲಿ ಶೇಕಡಾ 2 ಚಾರ್ಜ್ ಉಳಿದಿತ್ತು. ಕಂಡಕ್ಟರ್ ಎರಡು ಸೀಟು ಆಚೆ ಇದ್ದರು. ಪರದೆಯ ಬೆಳಕು ತಗ್ಗಿಸಿ, ಉಸಿರು ಬಿಗಿಹಿಡಿದು ಕೂತಿದ್ದೆ. ಕೋಡ್ ಸ್ಕ್ಯಾನ್ ಆಯಿತು, ಫೋನ್ ಆರಿತು. ಅವತ್ತಿನಿಂದ ಪವರ್ ಬ್ಯಾಂಕ್ ಬ್ಯಾಗಿನಲ್ಲಲ್ಲ, ಜೇಬಿನಲ್ಲೇ. ಇಬ್ಬರ ಪಾಸನ್ನೂ ಒಂದೇ ಫೋನಿನಲ್ಲಿ ಹಾಕಬಹುದು, ಆದರೆ ನಾನಂತೂ ಬೇಡ ಅಂತೀನಿ. ಅವರವರ ಫೋನಿನಲ್ಲಿ ಅವರವರದ್ದು. ಪಾಸಿನ ನಂಬರನ್ನು ಕಾಗದದ ಮೇಲೂ ಬರೆದಿಟ್ಟುಕೊಳ್ಳಿ.

ಪಾಸ್‌ಪೋರ್ಟ್ ಕೂಡ ಕೈಗೆ ಸಿಗುವಂತಿರಲಿ, ಪಾಸಿನ ಜೊತೆ ಅದನ್ನೂ ಕೇಳುತ್ತಾರೆ. ಹೆಸರನ್ನು ಅದರಲ್ಲಿರುವಂತೆಯೇ ಬರೆಯಿರಿ. ನಮ್ಮ ಕಡೆ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಪಾಸನ್ನು ಆ್ಯಪ್‌ಗೆ ಹಾಕುವಾಗ ಸರ್‌ನೇಮ್ ಕೇಳುತ್ತದೆ. ನಿಮ್ಮದೂ ಹಾಗಿದ್ದರೆ ದುಡ್ಡು ಕಟ್ಟುವ ಮೊದಲೇ ಯೂರೇಲ್‌ನವರಿಗೆ ಬರೆದು ವಿಚಾರಿಸಿ.

ಮ್ಯೂನಿಕ್‌ನಿಂದ ಸಾಲ್ಜ್‌ಬರ್ಗ್ ನೋಡುವ ಮನಸ್ಸಾದರೆ ಪಾಸಿನ ಒಂದು ದಿನ ಕಳೆಯಬೇಡಿ. ಬೇಯರ್ನ್ ಟಿಕೆಟ್ ಅಂತ ದಿನದ ಟಿಕೆಟ್ ಇದೆ, ಇಬ್ಬರಿಗೂ ಒಂದೇ ಸಾಕು. ಪ್ರಾದೇಶಿಕ (ರೀಜನಲ್) ರೈಲುಗಳಲ್ಲಿ ಮಾತ್ರ, ವಾರದ ದಿನಗಳಲ್ಲಿ ಬೆಳಗ್ಗೆ 9ರ ನಂತರ ನಡೆಯುತ್ತದೆ. ಮಗಳಿಗೆ ಹೇಳಿದರೆ ಸ್ಟೇಷನ್ನಿನ ಮೆಷಿನ್‌ನಲ್ಲೇ ತೆಗೆದುಕೊಡುತ್ತಾಳೆ.