ಗುಡಿ ಮುಂದಿನ ಕ್ಷಮೆ ಬೇಡ ಮಾಸ್ತರೇ

(ಓದುಗರ ಪ್ರಶ್ನೆಗಳಿಗೆ ಬಳ್ಳಾರಿಯ ನಿವೃತ್ತ ವಕೀಲೆಯೊಬ್ಬರ ಉತ್ತರ)

ಪ್ರಶ್ನೆ: ಅಕ್ಕನವರಿಗೆ ನಮಸ್ಕಾರ. ನಾನು ಹೈಸ್ಕೂಲ್ ಮಾಸ್ತರ. ಒಂದು ಕಥೆ ಬರೆದಿದ್ದೇನೆ. ಈರಣ್ಣ ಕಾಲುವೆ ನೀರಿನ ಜಗಳದಲ್ಲಿ ಒಡಹುಟ್ಟಿದ ತಮ್ಮನನ್ನೇ ಸಲಿಕೆಯಿಂದ ಹೊಡೆದು ಕೊಲ್ಲುತ್ತಾನೆ. 2010ರಲ್ಲಿ ಜೈಲು ಸೇರಿ, 14 ವರ್ಷ ಕಳೆದು ಸನ್ನಡತೆಯ ಮೇಲೆ ಬಿಡುಗಡೆಯಾಗಿ ಮೊದಲ ಸಲ ಊರಿಗೆ ಬರುತ್ತಾನೆ. ತಮ್ಮನ ಹೊಲವನ್ನು ತಮ್ಮನ ಹೆಂಡತಿ ನಾಗಮ್ಮನಿಗೆ ಬಿಟ್ಟುಕೊಟ್ಟು, ಹನುಮಪ್ಪನ ಗುಡಿ ಮುಂದೆ ಎಲ್ಲರೆದುರು ಅವಳ ಕಾಲಿಗೆ ಬೀಳುತ್ತಾನೆ. ಅವಳು ಕಣ್ಣೀರು ಹಾಕಿ ಕ್ಷಮಿಸುತ್ತಾಳೆ. ಕಳಿಸಿದ ಕಡೆಯಿಂದೆಲ್ಲ ಕಥೆ ವಾಪಸ್ ಬಂದಿದೆ. ಕೋರ್ಟು, ಜೈಲು ಬಲ್ಲವರು ನೀವು. ಎಲ್ಲಿ ಕೆಟ್ಟಿದೆ ಹೇಳಿ.
— ಓದುಗ, ಮಾನ್ವಿ ತಾಲ್ಲೂಕು

ಉತ್ತರ: ಗುಡಿ ಮುಂದೆ ಕೆಟ್ಟಿದೆ ಮಾಸ್ತರೇ. ಅಲ್ಲಿಗೆ ಹೋಗುವ ಮುಂಚೆ ದಾರಿಯಲ್ಲಿನ ಮುಳ್ಳು ಒಂದಿಷ್ಟು ತೆಗೆಯೋಣ.

'ಮೊದಲ ಸಲ ಊರಿಗೆ' ಅಂದಿರಿ. ಹಾಗಾದರೆ ಪೆರೋಲ್ ಎಲ್ಲಿ ಹೋಯಿತು? ತಾಯಿಗೆ ಹುಷಾರಿಲ್ಲ, ಮಗಳ ಮದುವೆ, ಬಿತ್ತನೆ ಕೆಲಸ ಅಂತ ಜೀವಾವಧಿ ಕೈದಿಗಳು ಅರ್ಜಿ ಹಾಕುತ್ತಲೇ ಇರುತ್ತಾರೆ. ಅಂಥ ಅರ್ಜಿಗಳನ್ನು ಬರೆದುಕೊಟ್ಟೇ ನನ್ನ ಅರ್ಧ ವಕೀಲಿಕೆ ಮುಗಿದಿದೆ. ಅರ್ಜಿ ಬಂದರೆ ಜೈಲಿನವರು ಊರಿನ ಠಾಣೆಯಿಂದ ವರದಿ ತರಿಸುತ್ತಾರೆ. ಪೊಲೀಸರು ಸತ್ತವರ ಮನೆಗೂ ಹೋಗಿ ಕೇಳುವುದುಂಟು. 'ಅಂವ ಊರಿಗಿ ಬಂದ್ರ ನಾವು ಬದುಕಂಗಿಲ್ರೀ ಸಾಹೇಬ್ರ' ಎಂಬ ಒಂದು ಮಾತು ಸಾಕು, ಅರ್ಜಿ ಅಲ್ಲೇ ಮಲಗಲು. ಅಂದಮೇಲೆ ಈರಣ್ಣ ನಡುವೆ ಬಂದುಹೋಗಿರಬೇಕು, ಇಲ್ಲವೇ ಅವನು ಬರದ ಹಾಗೆ ನಾಗಮ್ಮ ತಡೆದಿರಬೇಕು. ತಡೆದಳು ಅಂತಲೇ ಬರೆಯಿರಿ. ಅವನ ತಾಯಿ ಸತ್ತಾಗಲೂ ತಡೆದಳು ಅನ್ನಿ. ನಿಮ್ಮ ಕಥೆಯಲ್ಲಿ ಅಳುವುದು ಬಿಟ್ಟು ಬೇರೇನೂ ಮಾಡದ ಹೆಂಗಸಿಗೆ ಆಗ ಬಾಯಿ ಬರುತ್ತದೆ.

ಇನ್ನು ಹೊಲ. ಕೊಂದವನಿಗೆ ಕೊಲೆಯಾದವನ ಆಸ್ತಿಯಲ್ಲಿ ವಾರಸುದಾರಿಕೆ ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 25ನೇ ಕಲಮು ನೋಡಿ. ಆ ಕಲಮು ಇಲ್ಲದಿದ್ದರೂ ಹೆಂಡತಿ, ಮಕ್ಕಳು, ತಾಯಿ ಇರುವಾಗ ಅಣ್ಣನಿಗೆ ಏನೂ ದಕ್ಕುತ್ತಿರಲಿಲ್ಲ. ಅವಳದನ್ನೇ ಅವಳಿಗೆ ಕೊಟ್ಟು ಈರಣ್ಣ ದಾನಶೂರ ಅನ್ನಿಸಿಕೊಂಡಿದ್ದಾನೆ. ಕೊಡುವುದೇ ಆದರೆ ತನ್ನ ಪಾಲಿನಲ್ಲಿ ಕೊಡಲಿ. ಅದಕ್ಕೆ ಉಪನೋಂದಣಿ ಕಚೇರಿಯಲ್ಲಿ ಪತ್ರ ಆಗಬೇಕು, ಪಹಣಿಯಲ್ಲಿ ಹೆಸರು ಏರಬೇಕು. ಅವನ ಹೆಂಡತಿ ಮಕ್ಕಳು ಸುಮ್ಮನೆ ಬಿಡುತ್ತಾರಾ? ಹದಿನಾಲ್ಕು ವರ್ಷ ಕೂಲಿ ಮಾಡಿ ಬದುಕಿದವರು ಅವರು. ಅವರ ಅನ್ನ ಕಿತ್ತು ಪುಣ್ಯ ಕಟ್ಟಿಕೊಳ್ಳುವುದು ಎಂಥ ನ್ಯಾಯ? ಈ ಜಗಳ ನಿಮ್ಮ ಕಥೆಯಲ್ಲಿ ಬರಲೇಬೇಕು.

ಈಗ ನನಗೆ ಬಹಳ ಮುಖ್ಯ ಅನ್ನಿಸಿದ್ದು. ನೀವು 'ಸಿಟ್ಟಿನ ಭರದಲ್ಲಿ ಹೊಡೆದ' ಎಂದು ಒಂದೇ ವಾಕ್ಯದಲ್ಲಿ ದಾಟಿದ್ದೀರಿ. ಮೊದಲೇ ಯೋಚಿಸದೆ, ಹಠಾತ್ ಜಗಳದಲ್ಲಿ, ಕ್ರೌರ್ಯವಿಲ್ಲದೆ ಬಿದ್ದ ಏಟಿಗೆ ಆಗಿನ ದಂಡ ಸಂಹಿತೆ ಐಪಿಸಿಯಲ್ಲಿ ವಿನಾಯಿತಿ ಇತ್ತು. ಅಂಥ ಕೇಸು ಕೊಲೆಯ ಕಲಮು 302ರಿಂದ, ಕೊಲೆಯಲ್ಲದ ನರಹತ್ಯೆಯ ಕಲಮು 304ಕ್ಕೆ ಇಳಿಯಬಹುದಿತ್ತು, ಶಿಕ್ಷೆಯೂ ಕಡಿಮೆಯಾಗಬಹುದಿತ್ತು. ಈರಣ್ಣನಿಗೆ 302ರಲ್ಲೇ ಜೀವಾವಧಿ ಆಗಿದೆ ಅಂದರೆ ಸಾಕ್ಷಿಯಲ್ಲಿ ಬೇರೇನೋ ಬಂದಿದೆ. ತೂಬಿನ ಹತ್ತಿರ ಬಾಯಿಜಗಳವಾಯಿತು, ಅವನು ಮನೆಗೆ ಹೋದ, ಸಲಿಕೆ ತಗೊಂಡು ತಿರುಗಿ ಬಂದ ಅಂತ ಇಟ್ಟುಕೊಳ್ಳಿ. ಕತ್ತಲಲ್ಲಿ ಬದುವಿನ ಮೇಲೆ ಹೋಗಿ ಬರುವಷ್ಟು ಹೊತ್ತು. ನಡುದಾರಿಯಲ್ಲಿ ತಿರುಗಬಹುದಿತ್ತು. ನಾನು ಕಂಡ ಎಷ್ಟೋ ಕೈದಿಗಳು ಏಟಿನ ಬಗ್ಗೆ ಮಾತಾಡುತ್ತಾರೆ, 'ಆಗಿಹೋಯ್ತ್ರೀ ಅಕ್ಕಾ' ಅನ್ನುತ್ತಾರೆ. ಆ ಹೊತ್ತಿನ ಬಗ್ಗೆ ಮಾತ್ರ ಬಾಯಿ ಬಿಡುವುದಿಲ್ಲ. ನಿಮ್ಮ ಈರಣ್ಣ ಬಾಯಿ ಬಿಡಬೇಕಾದದ್ದು ಅದರ ಬಗ್ಗೆ. ಜನರೆದುರು ಅಲ್ಲ, ತನ್ನೊಳಗೆ.

14 ವರ್ಷಕ್ಕೆ ಜೀವಾವಧಿ ತಾನಾಗಿ ಮುಗಿಯುತ್ತದೆ ಎಂದು ಜನ ತಿಳಿದಿದ್ದಾರೆ, ನಿಮ್ಮ ಕಥೆಯೂ ತಿಳಿದಿದೆ. ಅದು ಸಾಯುವವರೆಗಿನ ಶಿಕ್ಷೆ. ಕೊಲೆಯಂಥ ಅಪರಾಧಕ್ಕೆ ಕನಿಷ್ಠ 14 ವರ್ಷ ಒಳಗಿದ್ದ ಮೇಲೆ ಸರ್ಕಾರ ಬಿಡಬಹುದು, ಬಿಡದೆಯೂ ಇರಬಹುದು. ಬಿಟ್ಟರೆ ಷರತ್ತು ಹಾಕಿ ಬಿಡುತ್ತದೆ. ಮುರಿದರೆ ಉಳಿದ ಶಿಕ್ಷೆಗೆ ಮತ್ತೆ ಒಳಗೆ. ಹಾಗಾಗಿ ಹೊರಬಂದವನು ಕುಡಿಯದೆ, ಜಗಳಾಡದೆ, ತಲೆ ತಗ್ಗಿಸಿ ನಡೆದರೆ ಅದು ಒಳ್ಳೆಯತನವೋ ಹೆದರಿಕೆಯೋ, ಊರಿಗೂ ಗೊತ್ತಾಗುವುದಿಲ್ಲ, ಅವನಿಗೂ ಗೊತ್ತಾಗುವುದಿಲ್ಲ. ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕಾ? ಠಾಣೆಯ ಕಣ್ಣು ಬೀಳದ ಜಾಗದಲ್ಲಿ ಅವನನ್ನು ನಿಲ್ಲಿಸಿ ನೋಡಬೇಕು.

ಗುಡಿಗೆ ಬಂದೆವು. ಗಂಡನ ಅಣ್ಣ ಎದುರು ಬಂದರೆ ಸೆರಗು ಹೊದ್ದು ಪಕ್ಕಕ್ಕೆ ಸರಿಯುವ ಹೆಂಗಸರು ನಮ್ಮ ಕಡೆ ಇನ್ನೂ ಇದ್ದಾರೆ. ಅಂಥ ಭಾವ ಊರೆಲ್ಲ ನೋಡುವಾಗ ಕಾಲಿಗೆ ಬಿದ್ದರೆ ಅವಳೇನು ಮಾಡಬೇಕು? ಹಿಂದೆ ಸರಿದರೆ 'ಎಂಥ ಕಲ್ಲು ಮನಸ್ಸಿನಾಕಿ' ಅನ್ನುತ್ತಾರೆ. ಎಬ್ಬಿಸಿದರೆ 'ಆತಲ್ಲ, ಮುಗೀತು' ಅಂತ ಹಿರಿಯರು ಚಹಾ ತರಿಸುತ್ತಾರೆ. ಇದು ಜುಲುಮೆ ಮಾಸ್ತರೇ. ಒಮ್ಮೆ ಗಂಡನನ್ನು ಕಿತ್ತುಕೊಂಡ, ಈಗ ಸಿಟ್ಟನ್ನೂ ಕಿತ್ತುಕೊಳ್ಳಲು ಬಂದಿದ್ದಾನೆ. ಕ್ಷಮಿಸದೆ ಇರುವ ಹಕ್ಕು ನಾಗಮ್ಮನಿಗೆ ಕೊಡಿ. ಸಿಗದ ಕ್ಷಮೆಯನ್ನು ಇಟ್ಟುಕೊಂಡು ಈರಣ್ಣ ಹೇಗೆ ಬದುಕುತ್ತಾನೆ, ಕಥೆ ಅಲ್ಲಿಂದ ಶುರುವಾಗಲಿ.

ಒಂದು ಸೂಚನೆ ಕೊಡ್ತೀನಿ, ಒಪ್ಪದಿದ್ದರೆ ಬಿಡಿ. ಬಿಡುಗಡೆಯನ್ನು 2024ರ ಮಳೆಗಾಲಕ್ಕೆ ಇಡಿ. ಆ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋಗಿ ನೀರು ಹೊಳೆಗೆ ಹರಿಯಿತು. ಮುನಿರಾಬಾದಿನಿಂದ ಹೊರಟ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು ದಾಟಿ ನಿಮ್ಮ ಮಾನ್ವಿ ಕಡೆಗೆ ಬರುವ ಹೊತ್ತಿಗೆ ಒಳ್ಳೆಯ ವರ್ಷದಲ್ಲೇ ಸೊರಗಿರುತ್ತದೆ. ಆ ವಾರ ಕೊನೆ ಭಾಗದ ರೈತರಿಗೆ ನಿದ್ದೆ ಇರಲಿಕ್ಕಿಲ್ಲ. ಅವನು ಹತ್ತುವ ಬಸ್ಸಿನ ಮೇಲೆ 'ಕಲ್ಯಾಣ ಕರ್ನಾಟಕ' ಅಂತ ಬರೆದಿರುತ್ತದೆ, ಅವನು ಜೈಲಿಗೆ ಹೋಗುವಾಗ ಈ ಸೀಮೆಯ ಹೆಸರು ಹೈದರಾಬಾದ್ ಕರ್ನಾಟಕ. ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಮನೆಯ ಪೆಟ್ಟಿಗೆಯಲ್ಲಿ ತಾಯಿ ಅವನಿಗೆಂದು ಮಡಚಿಟ್ಟ ಹಳೇ 500ರ ನೋಟು 2016ರಲ್ಲೇ ಸತ್ತಿರುತ್ತದೆ. ಇವು ಒಂದೊಂದು ಸಾಲು ಸಾಕು, ಉದ್ದ ಎಳೆಯಬೇಡಿ.

ಉದ್ದ ಎಳೆಯಬೇಕಾದದ್ದು ಒಂದು ರಾತ್ರಿಯನ್ನು. ಈರಣ್ಣನ ಹೊಲ ಮೇಲೆ, ನಾಗಮ್ಮನದು ಕೆಳಗೆ. ಅವನ ಸರದಿ. ನೀರು ಕಟ್ಟಲು ಹೋಗಿದ್ದಾನೆ. ಕೆಳಗೆ ಟಾರ್ಚು ಹಿಡಿದು ಕೂತ ಹುಡುಗ ತಮ್ಮನ ಮಗ; ತಂದೆ ಸತ್ತಾಗ ನಡೆಯಲು ಕಲಿಯುತ್ತಿದ್ದವನು. ಬರುವ ನೀರು ಒಂದೇ ಹೊಲಕ್ಕೆ ಆದೀತು. ಈರಣ್ಣನ ಸ್ವಂತ ಮಗ ಮನೆಯಲ್ಲಿ 'ಈ ಸಲ ನಮ್ಮ ನೆಲ್ಲು ಒಣಗಿದ್ರ ನಿನ್ನ ಮಾರಿ ನೋಡಂಗಿಲ್ಲ' ಎಂದಿದ್ದಾನೆ. ಅದೇ ತೂಬು, ಕೈಯಲ್ಲಿ ಸಲಿಕೆ. ಯಾರೂ ನೋಡುತ್ತಿಲ್ಲ. ಅವನು ಏನು ಮಾಡಿದ ಅಂತ ನಾನು ಹೇಳುವುದಿಲ್ಲ, ನೀವು ಬರೆಯಿರಿ. ಮಾಡಿದ್ದು ನಾಗಮ್ಮನಿಗೆ ತಿಳಿಯಕೂಡದು, ಅಷ್ಟೇ ನನ್ನ ಷರತ್ತು. ತಿಳಿದರೆ ಮತ್ತೆ ಗುಡಿ ಮುಂದೆಯೇ ಬಂದು ನಿಲ್ಲುತ್ತೀರಿ.

ಪ್ರಶ್ನೆ: ಕೊಂದವರು ಒಳ್ಳೆಯವರಾದ ಕಥೆಗಳೇ ಎಲ್ಲ ಕಡೆ. ಸತ್ತವರ ಮನೆಯವರ ಕಥೆ ಯಾರಿಗೂ ಬೇಡವೇ?
— ಓದುಗಳು, ಕುಷ್ಟಗಿ

ಉತ್ತರ: ಬೇಕು ತಂಗಿ. ನಿಮ್ಮ ಅಕ್ಷರದಲ್ಲಿ ಸಿಟ್ಟು ಚೆನ್ನಾಗಿದೆ, ನೀವೇ ಬರೆಯಿರಿ. ಕಥೆಯ ಆಚೆಗೆ ಒಂದು ಮಾತು: ಅಪರಾಧಕ್ಕೆ ಬಲಿಯಾದವರ ಕುಟುಂಬಕ್ಕೆ ಸರ್ಕಾರದ ಪರಿಹಾರ ಯೋಜನೆ ಇದೆ, ಅರ್ಜಿ ಹೋಗಬೇಕಾದದ್ದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ. ಕೈದಿಯ ಕೂಲಿಯಲ್ಲಿ ಒಂದು ಪಾಲು ನೊಂದವರಿಗೆ ಸೇರುವ ವ್ಯವಸ್ಥೆ ಆಗಬೇಕೆಂದು ಸುಪ್ರೀಂ ಕೋರ್ಟು 1998ರಲ್ಲೇ ಹೇಳಿತ್ತು. ನಿಮಗೆ ಗೊತ್ತಿರುವ ಯಾವ ಮನೆಯಾದರೂ ಅರ್ಜಿಯನ್ನೇ ಹಾಕಿಲ್ಲದಿದ್ದರೆ, ಮೊದಲು ಅವರನ್ನು ಆ ಕಚೇರಿಗೆ ಕರೆದುಕೊಂಡು ಹೋಗಿ. ಕಥೆ ಮುಂದಿನ ತಿಂಗಳಿಗಾದರೂ ನಡೆದೀತು.

ಪ್ರಶ್ನೆ: ನಮ್ಮ ಮಾವ ಶಿಕ್ಷೆ ಮುಗಿಸಿ ಬಂದಿದ್ದಾರೆ. ಅವರಿಗೆ ಇನ್ನು ಓಟಿಲ್ಲ ಅಂತ ಊರಲ್ಲಿ ಹೇಳುತ್ತಾರೆ. ನಿಜವೇ?
— ಓದುಗ, ಸಿರುಗುಪ್ಪ

ಉತ್ತರ: ಸುಳ್ಳು. ಜೈಲಿನೊಳಗೆ ಇರುವಷ್ಟು ದಿನ ಮಾತ್ರ ಓಟು ಹಾಕುವಂತಿಲ್ಲ. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆ ಆಗಿದ್ದರೆ ಬಿಡುಗಡೆಯ ನಂತರ ಆರು ವರ್ಷ ಶಾಸಕ, ಸಂಸದ ಆಗಲು ನಿಲ್ಲುವಂತಿಲ್ಲ. ನಿಮ್ಮ ಮಾವನಿಗೆ ಆ ಆಸೆ ಇರಲಾರದು ಅಂದುಕೊಳ್ತೀನಿ. ಮತದಾರರ ಪಟ್ಟಿಯಲ್ಲಿ ಹೆಸರಿದೆಯಾ ನೋಡಿ. ಬಿಟ್ಟುಹೋಗಿದ್ದರೆ ನಮೂನೆ 6 ತುಂಬಿ ನಿಮ್ಮ ಮತಗಟ್ಟೆ ಮಟ್ಟದ ಅಧಿಕಾರಿಗೆ (ಬಿಎಲ್‌ಒ) ಕೊಡಿ. ಮಾವನ ಕೈಯಲ್ಲೇ ಕೊಡಿಸಿ, ನೀವು ಜೊತೆಗೆ ಹೋಗಿ.