ಅಳುವ ಕವಿಗೆ ಜಾಗವಿಲ್ಲವೆ?

ಪತ್ರ: ರಷ್ಯದ ಕವಿ ಸೆರ್ಗೆಯ್ ಯೆಸೆನಿನ್ ಕುರಿತ ನಿಮ್ಮ ಲೇಖನ ಓದಿದೆ. ಕುಡಿದು ಗಲಾಟೆ ಮಾಡಿಕೊಂಡು ಮೂವತ್ತಕ್ಕೇ ಜೀವ ಕಳೆದುಕೊಂಡವನನ್ನು ಇಷ್ಟು ಕೊಂಡಾಡಬೇಕೆ? ಇಂಥ ಅಳುಬುರುಕ ಕಾವ್ಯ ಹುಡುಗರ ಉತ್ಸಾಹ ಕುಗ್ಗಿಸುತ್ತದೆ.
– ನಿವೃತ್ತ ಶಿಕ್ಷಕರೊಬ್ಬರು, ದಾವಣಗೆರೆ

ಉತ್ತರ: ಮೇಷ್ಟ್ರೇ, ನಿಮ್ಮ ಕಾಳಜಿ ಸುಳ್ಳಲ್ಲ. 1925ರ ಡಿಸೆಂಬರಿನಲ್ಲಿ ಯೆಸೆನಿನ್ ಲೆನಿನ್‌ಗ್ರಾಡಿನ ಹೋಟೆಲೊಂದರಲ್ಲಿ ತೀರಿಕೊಂಡ. ಮರುವರ್ಷ ಅವನ ಆಪ್ತೆ ಗಲಿನಾ ಬೆನಿಸ್ಲಾವ್‌ಸ್ಕಯಾ ಅವನ ಸಮಾಧಿಯ ಬಳಿಯೇ ಪ್ರಾಣ ಬಿಟ್ಟಳು. ಆ ಸಾವುಗಳನ್ನು ಯಾರೂ ವೈಭವೀಕರಿಸಬಾರದು. ಆದರೆ ಅಳುಬುರುಕ ಎಂದಿರಲ್ಲ, ಅದನ್ನು ಒಪ್ಪಲಾರೆ.

ಅವನ ದುಃಖಕ್ಕೆ ಕಾರಣವಿತ್ತು, ಊರಿತ್ತು. ರ‍್ಯಾಜಾನ್ ಸೀಮೆಯಲ್ಲಿ, ಓಕಾ ನದಿಯ ದಂಡೆಯ ಕೊನ್‌ಸ್ತಾಂತಿನೊವೊ ಎಂಬ ಹಳ್ಳಿಯ ರೈತರ ಮನೆಯ ಹುಡುಗ ಅವನು. 1915ರಲ್ಲಿ ಬರೆದ ‘ನಾಯಿಯ ಹಾಡು’ ನೋಡಿ. ಏಳು ಮರಿ ಹಾಕಿದ ನಾಯಿ. ಸಂಜೆ ಯಜಮಾನ ಬಂದು ಏಳನ್ನೂ ಚೀಲಕ್ಕೆ ತುಂಬುತ್ತಾನೆ, ತಾಯಿ ಹಿಮದಲ್ಲಿ ಅವನ ಬೆನ್ನಿಗೇ ಓಡುತ್ತದೆ. ಇನ್ನೂ ಹೆಪ್ಪುಗಟ್ಟದ ನೀರು ಬಹಳ ಹೊತ್ತು ನಡುಗುತ್ತದೆ. ಕೊಂದ ಎಂಬ ಮಾತೇ ಇಲ್ಲ! ಕಾಲೆಳೆದುಕೊಂಡು ಮರಳುವಾಗ ಗುಡಿಸಲ ಮೇಲಿನ ಚಂದ್ರ ಆ ತಾಯಿಗೆ ತನ್ನದೇ ಒಂದು ಮರಿಯಂತೆ ಕಾಣುತ್ತಾನೆ. 1922ರಲ್ಲಿ ಬರ್ಲಿನ್ನಿನಲ್ಲಿ ರಷ್ಯದ ಕಾದಂಬರಿಕಾರ ಗೋರ್ಕಿ ಈ ಪದ್ಯವನ್ನು ಕೇಳಿ ಓದಿಸಿದರು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಕವಿಯ ಕಣ್ಣೂ ತುಂಬಿತ್ತೆಂದು ಬರೆದಿದ್ದಾರೆ.

1920ರಲ್ಲಿ ದಕ್ಷಿಣಕ್ಕೆ ಹೋಗುವಾಗ ಅವನ ರೈಲಿನ ಜೊತೆ ಪಂದ್ಯಕ್ಕೆ ಬಿದ್ದಂತೆ ಕುದುರೆಮರಿಯೊಂದು ಓಡಿತಂತೆ. ಸೋಲುವುದು ಅದಕ್ಕೆ ಗೊತ್ತಿಲ್ಲ, ನೋಡುವವನಿಗೆ ಗೊತ್ತು. ತನ್ನ ಹಳ್ಳಿಯ ಗತಿಯೂ ಅದೇ ಎಂದು ಅವನಿಗೆ ಅನ್ನಿಸಿದ್ದರಲ್ಲಿ ಅತಿಯೇನಿದೆ? ಹತ್ತು ವರ್ಷ ಕಳೆಯುವುದರೊಳಗೆ ಸೋವಿಯತ್ ಸರ್ಕಾರದವರು ಸಾಮೂಹಿಕ ಬೇಸಾಯದ ಹೆಸರಿನಲ್ಲಿ ಆ ರೈತ ಬದುಕನ್ನೇ ಬುಡಮೇಲು ಮಾಡಿದರು.

ಕುಡುಕ ಎಂದಿರಿ. 1924ರ ‘ತಾಯಿಗೆ ಪತ್ರ’ದಲ್ಲಿ ಅವನೇ ಹೇಳುತ್ತಾನೆ: ನಿನ್ನ ಮುಖ ನೋಡದೆ ಸಾಯುವಷ್ಟು ಕುಡುಕನಲ್ಲ ನಾನು, ಹಳೇ ಕೋಟು ತೊಟ್ಟು ಪದೇಪದೇ ದಾರಿ ಕಾಯಬೇಡ. ಆ ತಾಯಿ 1955ರವರೆಗೂ ಬದುಕಿದ್ದಳು, ಮೇಷ್ಟ್ರೇ.

ನಿಮ್ಮ ಆಕ್ಷೇಪ ಹೊಸದಲ್ಲ. 1927ರಲ್ಲಿ ಸೋವಿಯತ್ ಕಮ್ಯುನಿಸ್ಟ್ ಪಕ್ಷದ ಪತ್ರಿಕೆ ‘ಪ್ರಾವ್ದಾ’ದಲ್ಲಿ ಆ ಪಕ್ಷದ ನಾಯಕ ಬುಖಾರಿನ್ ಬರೆದದ್ದರ ಧಾಟಿಯೂ ಇದೇ. ಯುವಜನರನ್ನು ಕೆಡಿಸುವ ಕವಿಯೆಂದು ಅಧಿಕಾರಸ್ಥರು ಅವನನ್ನು ವರ್ಷಗಟ್ಟಲೆ ಮೂಲೆಗೆ ತಳ್ಳಿದರು. ಜನ ಮಾತ್ರ ಅವನ ಪದ್ಯ ಕೈಬರಹದಲ್ಲಿ ಇಳಿಸಿಕೊಂಡರು, ಹಾಡಿಕೊಂಡರು.

ದುಃಖದ ಪದ್ಯವನ್ನು ದೂರವಿಡಲು ನಮ್ಮಲ್ಲಿ ಯಾವ ಅಪ್ಪಣೆಯೂ ಬೇಕಾಗಿಲ್ಲ. ವಾಚನ ಸ್ಪರ್ಧೆಗೆ ‘ಸ್ಫೂರ್ತಿದಾಯಕ’ ಪದ್ಯವೇ ಆಗಬೇಕು. ಬೆಳಗಾದರೆ ಮೊಬೈಲಿಗೆ ಗುಲಾಬಿ ಹೂವಿನ ಜೊತೆ ಧೈರ್ಯದ ಮಾತು. ಅಪ್ಪನನ್ನು ಕಳೆದುಕೊಂಡ ಹುಡುಗನಿಗೂ ‘ಪಾಸಿಟಿವ್ ಆಗಿರು’ ಎನ್ನುತ್ತೇವೆ. ಪತ್ರಿಕೆಗಳೂ ಕಡಿಮೆಯಿಲ್ಲ: ಯೆಸೆನಿನ್ ಎಂದರೆ ಅವನ ಹೆಂಡತಿಯಾಗಿದ್ದ ನರ್ತಕಿ ಇಸಡೋರಾ ಡಂಕನ್ ಜೊತೆಗಿನ ಫೋಟೊ, ಮದುವೆಗಳ ಪಟ್ಟಿ; ಪದ್ಯ ಒಂದೂ ಇಲ್ಲ.

ನೀವು ಪಾಠ ಹೇಳಿದವರು, ಓದುವ ದನಿ ನಿಮಗಿದೆ. ಆ ನಾಯಿಯ ಪದ್ಯವನ್ನು ನಿಮ್ಮ ಬೀದಿಯ ಹುಡುಗರಿಗೆ ಒಮ್ಮೆ ಗಟ್ಟಿಯಾಗಿ ಓದಿ. ಅವರು ಏನಂದರೆಂದು ಬರೆಯಿರಿ, ಒಂದಕ್ಷರ ಬಿಡದೆ ಅಚ್ಚು ಹಾಕುತ್ತೇನೆ.

– ಸಂ.